ಜಂತಿಯಲ್ಲಿ ಸಿಕ್ಕಿಸಿಟ್ಟ ಕುಡಗೋಲು

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ತಾಯಿಯ ತವರು ರೋಣ ತಾಲೂಕಿನ ಒಂದು ಹಳ್ಳಿ. ಅಜ್ಜ ತೀರಿಕೊಂಡು ಹನ್ನೆರಡು ವರ್ಷವಾಯಿತು. ಈ ಬೇಸಿಗೆಯಲ್ಲಿ ಅವರ ಮಣ್ಣಿನ ಮಾಳಿಗೆ ಮನೆ ಕೆಡವಿದೆವು. ದನ ಕಟ್ಟುವ ಜಾಗದ ಜಂತಿಯಲ್ಲಿ ಸಿಕ್ಕಿಸಿಟ್ಟ ಎರಡು ಕುಡಗೋಲು, ಒಂದು ಕೊಡಲಿ, ಮರ ಕೆತ್ತುವ ಒಂದು ಬಾಚಿ ಸಿಕ್ಕವು. ಅಜ್ಜನ ಎಲೆ ಚಂಚಿಯಲ್ಲಿ ಹಿತ್ತಾಳೆಯ ಅಡಕತ್ತರಿಯೂ ಇತ್ತು. ಎಲ್ಲಕ್ಕೂ ತುಕ್ಕು, ಕಿಲುಬು. ಗುಜರಿಗೆ ಹಾಕು ಅಂತ ಮಾಮಾ ಹೇಳಿದರು, ನನಗೆ ಮನಸ್ಸಾಗಲಿಲ್ಲ. ಫೋಟೋ ಕಳಿಸಿದ್ದೇನೆ. ಇವು ಒಳ್ಳೆಯ ಹತಾರಗಳೇ ಎಂದು ತಿಳಿಯುವುದು ಹೇಗೆ? ಗ್ರೈಂಡರ್ ಹಿಡಿಸಿ, ಪಾಲಿಶ್ ಮಾಡಿಸಿ ಗೋಡೆಗೆ ಹಾಕಬಹುದಾ? ಆನ್‌ಲೈನ್‌ನಲ್ಲಿ ಆರೂವರೆ ಸಾವಿರ ರೂಪಾಯಿಗೆ ‘ಡಮಾಸ್ಕಸ್’ ಚಾಕು ನೋಡಿದ್ದೇನೆ. ಅದನ್ನು ಕೊಂಡು ಸಂಗ್ರಹ ಶುರು ಮಾಡುವ ಆಸೆಯೂ ಇದೆ. ಏನು ಹೇಳುತ್ತೀರಿ?

— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ರೈಂಡರ್ ಹಿಡಿಸಬೇಡಿ. ಈ ವಾರ ಬೇರೇನೂ ಮಾಡದಿದ್ದರೂ ನಡೆಯುತ್ತದೆ. ಆ ತುಕ್ಕು ಎಷ್ಟೋ ವರ್ಷದಿಂದ ಕೂತಿದೆ, ಇನ್ನೊಂದು ತಿಂಗಳು ಕೂತರೆ ಏನೂ ಆಗುವುದಿಲ್ಲ. ಗ್ರೈಂಡರ್ ಎರಡು ನಿಮಿಷದಲ್ಲಿ ಕೆಡಿಸಿದ್ದನ್ನು ಸರಿ ಮಾಡುವುದು ಮಾತ್ರ ಬಹಳ ಕಷ್ಟ.

ನನಗೇ ಆದದ್ದನ್ನು ಹೇಳುತ್ತೇನೆ. ನಾನು ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಮೂವತ್ತು ವರ್ಷ ಕಲಿಸಿದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮಪ್ಪನ ಚಾಕುವನ್ನು ವರ್ಕ್‌ಶಾಪಿಗೆ ಒಯ್ದು ಬೆಂಚ್ ಗ್ರೈಂಡರ್‌ಗೆ ಹಿಡಿದೆ. ಊರಿನ ಕಂಬಾರರು ಮಾಡಿಕೊಟ್ಟ ಚಾಕು. ಎರಡು ನಿಮಿಷದಲ್ಲಿ ಅಲಗು ಫಳಫಳ ಹೊಳೆಯಿತು. ತುದಿಯ ಹತ್ತಿರ ಒಂದು ಬೆರಳಗಲ ಜಾಗ ಮಾತ್ರ ನವಿಲುಗರಿಯ ಹಾಗೆ ನೀಲಿಯಾಗಿತ್ತು. ಆ ನೀಲಿಯ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವಾರವಷ್ಟೇ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಉಕ್ಕು 300 ಡಿಗ್ರಿ ಮುಟ್ಟಿದೆ, ಅಲಗಿನ ಹದ ಇಳಿದಿದೆ ಅಂತ ಅದರ ಅರ್ಥ. ಆಮೇಲೆ ಎಷ್ಟು ಮಸೆದರೂ ಆ ಜಾಗದಲ್ಲಿ ಹರಿತ ನಿಲ್ಲಲಿಲ್ಲ. ಅಪ್ಪ ಒಂದು ಮಾತೂ ಅನ್ನಲಿಲ್ಲ. ಆದರೆ ಆ ಚಾಕುವನ್ನು ಮತ್ತೆ ಕೈಗೆ ತಗೊಳ್ಳಲೂ ಇಲ್ಲ. ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಈ ಹದ ಅಂದರೆ ಏನು ಎಂದು ತಿಳಿದರೆ ನಿಮ್ಮ ಹತಾರಗಳು ಅರ್ಧ ಅರ್ಥವಾದ ಹಾಗೆ. ಕಂಬಾರರು ಅಲಗನ್ನು ಬಡಿದು ಆಕಾರಕ್ಕೆ ತಂದ ಮೇಲೆ ಮತ್ತೆ ಕುಲುಮೆಗೆ ಹಾಕುತ್ತಾರೆ. ಸುಮಾರು 800 ಡಿಗ್ರಿಗೆ ಅದು ಹಣ್ಣಾದ ಗೇರುಹಣ್ಣಿನ ಕೆಂಪಿಗೆ ಬರುತ್ತದೆ. ಅಷ್ಟು ಕಾದ ಉಕ್ಕಿಗೆ ಅಯಸ್ಕಾಂತ ಅಂಟುವುದೇ ಇಲ್ಲ. ಆಗ ಥಟ್ಟನೆ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಉಕ್ಕು ಗಾಜಿನಷ್ಟು ಗಟ್ಟಿಯಾಗುತ್ತದೆ, ಗಾಜಿನ ಹಾಗೇ ಒಡೆಯುವ ಗುಣವೂ ಬರುತ್ತದೆ. ಹಾಗೇ ಬಿಟ್ಟರೆ ಕುಡಗೋಲು ಒಂದು ಕಲ್ಲಿಗೆ ತಾಗಿದರೆ ಚೂರು ಎದ್ದುಹೋಗುತ್ತದೆ. ಅದಕ್ಕೆ ಇನ್ನೊಮ್ಮೆ ಮೆಲ್ಲಗೆ ಕಾಯಿಸುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಆಗ ಬಣ್ಣ ಓಡುತ್ತದೆ. 220 ಡಿಗ್ರಿ ಹತ್ತಿರ ಒಣಹುಲ್ಲಿನ ಹಳದಿ, 255ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಚಾಕುವಿಗೆ ಹುಲ್ಲಿನ ಬಣ್ಣಕ್ಕೇ ನಿಲ್ಲಿಸಬೇಕು. ಏಟು ತಿನ್ನುವ ಕೊಡಲಿಗೆ ನೇರಳೆಯವರೆಗೆ ಬಿಡಬಹುದು. ಒಂದು ಕ್ಷಣ ತಡವಾದರೆ ಬಣ್ಣ ದಾಟಿಹೋಗುತ್ತದೆ.

ಇಷ್ಟನ್ನೂ ನಮ್ಮ ಕಂಬಾರರು ಬರಿ ಕಣ್ಣಿನಿಂದ ಮಾಡುತ್ತಾರೆ. ಕಮ್ಮಾರಸಾಲೆ ಯಾವಾಗಲೂ ಕತ್ತಲೆ ಕತ್ತಲೆಯಾಗಿರುವುದನ್ನು ನೀವು ನೋಡಿರಬಹುದು. ಬಿಸಿಲಲ್ಲಿ ಕೆಂಪು ಎಷ್ಟು ಕೆಂಪಾಗಿದೆ ಎಂದು ತಿಳಿಯುವುದಿಲ್ಲ. ನೆರಳಲ್ಲೇ ಬಣ್ಣ ಸರಿಯಾಗಿ ಕಾಣುವುದು. ನಾನು ಹುಡುಗರಿಗೆ ಕಲಿಸುವಾಗ ಬಿಸಿ ಅಳೆಯುವ ಪೈರೋಮೀಟರ್ ಇಟ್ಟುಕೊಂಡು ಮಾಡಿಸುತ್ತಿದ್ದೆ. ಸಾಲೆಯಲ್ಲಿ ಕೂತ ಮುದುಕರೊಬ್ಬರು ಅದೇ ಕೆಲಸವನ್ನು ಕಣ್ಣು ಕಿರಿದು ಮಾಡಿ ಮುಗಿಸುವುದನ್ನು ನೋಡಿದ ದಿನ ನನಗೆ ಈ ಹುಚ್ಚು ಹತ್ತಿತು.

ಈಗ ನಿಮ್ಮ ಫೋಟೋಗಳಿಗೆ ಬರೋಣ. ಅಲಗು ನೋಡುವವರೆಲ್ಲ ಮೊದಲು ಬಾಯಿ ಮುಟ್ಟಿ ಹರಿತ ನೋಡುತ್ತಾರೆ. ನೀವು ಬೆನ್ನು ನೋಡಿ. ಬೆನ್ನು ಅಂದರೆ ಹರಿತ ಇಲ್ಲದ, ದಪ್ಪ ಇರುವ ಬದಿ. ಕುಡಗೋಲನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಹಿಡಿಯ ಕಡೆಯಿಂದ ತುದಿಯವರೆಗೆ ಬೆನ್ನಿನ ಗುಂಟ ನೋಡಿಕೊಂಡು ಹೋಗಿ. ಕೈಯಿಂದ ಬಡಿದ ಕುಡಗೋಲಾದರೆ ಹಿಡಿಯ ಹತ್ತಿರ ದಪ್ಪ ಇರುತ್ತದೆ, ಹೋಗ್ತಾ ಹೋಗ್ತಾ ತೆಳುವಾಗುತ್ತದೆ. ನಿಮ್ಮ ಮೊದಲ ಫೋಟೋದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಜೋಳದ ದಂಟು ಕೊಯ್ಯುವಾಗ ಜೋರು ಬೀಳುವುದು ಬುಡದ ಹತ್ತಿರ, ಅಲ್ಲಿ ಕಬ್ಬಿಣ ಬೇಕು. ತುದಿ ಹಗುರ ಇದ್ದರೆ ಸಂಜೆಯವರೆಗೂ ಮಣಿಕಟ್ಟು ನೋಯುವುದಿಲ್ಲ. ಕಾರ್ಖಾನೆಯಲ್ಲಿ ತಗಡಿನಿಂದ ಕತ್ತರಿಸಿ ತೆಗೆದ ಕುಡಗೋಲು ಬುಡದಿಂದ ತುದಿಯವರೆಗೆ ಒಂದೇ ದಪ್ಪ. ನೋಡಲು ಚಂದ, ಮಧ್ಯಾಹ್ನದ ಹೊತ್ತಿಗೆ ಕೈ ಬಿದ್ದುಹೋಗುತ್ತದೆ.

ಸುತ್ತಿಗೆ ಏಟಿನ ಗುರುತನ್ನೇ ಸಾಕ್ಷಿ ಎಂದು ನಂಬಬೇಡಿ. ಈಗ ಮಾರುವವರು ಬೇಕೆಂದೇ ತಗ್ಗು ಒತ್ತಿ ‘ಹ್ಯಾಂಡ್‌ಮೇಡ್’ ಅನ್ನುತ್ತಾರೆ. ಆ ತಗ್ಗುಗಳು ಒಂದೇ ಅಳತೆ, ಒಂದೇ ಸಾಲು. ನಿಜವಾದ ಕೆಲಸಗಾರ ಏಟಿನ ಗುರುತನ್ನು ಅಳಿಸಲು ನೋಡುತ್ತಾನೆ. ಉಳಿದದ್ದು ಅಲ್ಲಲ್ಲಿ, ಅದೂ ಬೆನ್ನಿನ ಕಡೆ, ಮಸಕು ಮಸಕಾಗಿ ಇರುತ್ತದೆ.

ಕೊಡಲಿಯ ಫೋಟೋ ನೋಡಿ ನನಗೆ ಬಹಳ ಖುಷಿಯಾಯಿತು. ಬಾಯಿಂದ ಎರಡು ಬೆರಳು ಹಿಂದೆ ಒಂದು ಅಡ್ಡ ಗೆರೆ ಕಾಣುತ್ತದಲ್ಲ, ಅದು ಬಿರುಕಲ್ಲ. ಹೆದರಬೇಡಿ. ಹಿಂದೆ ಉಕ್ಕು ದುಬಾರಿ. ಅದಕ್ಕೆ ಕೊಡಲಿಯ ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ತುಂಡು ಇಟ್ಟು, ಎರಡನ್ನೂ ಬಿಳಿ ಬಿಸಿಯಲ್ಲಿ ಬಡಿದು ಕೂಡಿಸುತ್ತಿದ್ದರು. ಮೆದು ಕಬ್ಬಿಣ ಏಟನ್ನು ನುಂಗುತ್ತದೆ, ಉಕ್ಕು ಕಡಿಯುತ್ತದೆ. ಖಾತ್ರಿ ಮಾಡಿಕೊಳ್ಳಬೇಕಾ? ಆ ಗೆರೆಯ ಮೇಲೆ ಒಂದು ರೂಪಾಯಿಯಷ್ಟು ಜಾಗ ಬೆಳ್ಳಗಾಗುವಂತೆ ಉಜ್ಜಿ, ಗೆರೆಯ ಎರಡೂ ಕಡೆಗೆ ನಿಂಬೆರಸ ಹಚ್ಚಿ. ಸ್ವಲ್ಪ ಹೊತ್ತಿಗೆ ಉಕ್ಕಿನ ಭಾಗ ಕಪ್ಪಾಗುತ್ತದೆ, ಕಬ್ಬಿಣದ ಭಾಗ ಬೂದು ಬಣ್ಣಕ್ಕೇ ನಿಲ್ಲುತ್ತದೆ. ನೋಡಿದ ಕೂಡಲೇ ತೊಳೆದು ಒರೆಸಿ ಎಣ್ಣೆ ಹಚ್ಚಿ. ಇನ್ನೊಂದು ಪರೀಕ್ಷೆ ಅರದ್ದು. ಚೂಪಾದ ಸಣ್ಣ ಅರವನ್ನು ಬೆನ್ನಿಗೆ ಎಳೆದರೆ ಕಚ್ಚುತ್ತದೆ. ಬಾಯಿಯ ಮೂಲೆಗೆ ಎಳೆದರೆ ಅಷ್ಟು ಸುಲಭಕ್ಕೆ ಕಚ್ಚುವುದಿಲ್ಲ, ಜಾರಲು ನೋಡುತ್ತದೆ. ಆ ವ್ಯತ್ಯಾಸ ಕೈಗೆ ಗೊತ್ತಾಯಿತು ಅಂದರೆ ಹದ ಇನ್ನೂ ಇದೆ.

ಈಗಿನ ಕಂಬಾರರು ಇಷ್ಟು ಕಷ್ಟಪಡಬೇಕಿಲ್ಲ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಗುಜರಿಯಲ್ಲಿ ಸಿಗುತ್ತದೆ. ಅದರಲ್ಲಿ ಇಂಗಾಲ ಶೇಕಡ 0.5ರಿಂದ 0.6ರಷ್ಟು ಇರುತ್ತದೆ, ಕುಡಗೋಲು ಕೊಡಲಿಗೆ ಒಳ್ಳೇ ಉಕ್ಕು. ಕಿಟಕಿ ಸರಳಿನಂಥ ಸಾದಾ ಕಬ್ಬಿಣದಲ್ಲಿ ಇಂಗಾಲ 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಸಲ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದನ್ನು ಕೀಳಾಗಿ ನೋಡುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನನ್ನ ಮನೆಯ ಈಳಿಗೆ ಲಾರಿ ಪಟ್ಟಿಯದ್ದೇ. ಇಪ್ಪತ್ತು ವರ್ಷದಿಂದ ದಿನಾ ಬದನೆಕಾಯಿ, ಕುಂಬಳಕಾಯಿ ಹೆಚ್ಚುತ್ತಿದೆ.

ನಿಮ್ಮ ಎರಡು ಕುಡಗೋಲಿನಲ್ಲಿ ಒಂದಕ್ಕೆ ಸಣ್ಣ ಹಲ್ಲುಗಳಿವೆ, ಇನ್ನೊಂದು ನುಣ್ಣಗಿದೆ. ಹಲ್ಲಿನದ್ದು ಗೋಧಿ, ಹುಲ್ಲಿನಂಥ ತೆಳು ಬೆಳೆಗೆ. ಜಾರುವ ಕಡ್ಡಿಯನ್ನು ಹಲ್ಲು ಹಿಡಿದು ಎಳೆದು ಕೊಯ್ಯುತ್ತದೆ. ನುಣ್ಣಗಿನದು ಜೋಳದ ದಂಟಿಗೆ, ದನದ ಮೇವಿಗೆ. ಈ ನುಣ್ಣಗಿನ ಕುಡಗೋಲನ್ನು ಗಮನವಿಟ್ಟು ನೋಡಿ. ಅಲಗಿನ ಅಗಲ ಒಂದೇ ಸಮ ಇಲ್ಲ. ನಡುವೆ ಸವೆದು ತದಿಗೆ ಚಂದ್ರನ ಹಾಗಾಗಿದೆ. ಹೊಸದಿದ್ದಾಗ ಅದು ಈಗಿನ ಎರಡರಷ್ಟು ಅಗಲ ಇದ್ದಿರಬೇಕು. ಎಷ್ಟು ಹಿಂಗಾರಿ ಜೋಳ ಕೊಯ್ದಿದೆ, ಎಷ್ಟು ಸಲ ಕಲ್ಲಿಗೆ ತಿಕ್ಕಿಸಿಕೊಂಡಿದೆ ಎಂಬ ಲೆಕ್ಕ ಆ ಸವೆತದಲ್ಲಿದೆ. ಪಾಲಿಶ್ ಮಾಡಿಸಿದರೆ ಮೊದಲು ಅಳಿಸಿಹೋಗುವುದು ಇದೇ.

ಇಷ್ಟು ಸವೆದರೂ ಅದು ಕೆಲಸಕ್ಕೆ ಬರುತ್ತಿತ್ತು ಅಂದರೆ ಅದಕ್ಕೆ ಕಾರಣ ಹಣಿಸುವುದು. ಈ ಮಾತು ಹುಬ್ಬಳ್ಳಿಯ ಹುಡುಗರಿಗೆ ಈಗ ಹೊಸದು ಅನ್ನಿಸಬಹುದು, ನಿಮ್ಮ ತಾಯಿಗೆ ಖಂಡಿತ ಗೊತ್ತಿರುತ್ತದೆ. ಕುಂಟೆಯ ಕುಡ, ನೇಗಿಲ ಗುಳ, ಕುಡಗೋಲು ಮೊಂಡಾದರೆ ಕಮ್ಮಾರಸಾಲೆಗೆ ಒಯ್ದು ಹಣಿಸಿಕೊಂಡು ಬರುತ್ತಿದ್ದರು. ಕಾಯಿಸಿ, ಬಾಯಿಯ ಗುಂಟ ಬಡಿದು ಮತ್ತೆ ತೆಳು ಮಾಡುವುದು. ಇದರಲ್ಲಿ ಉಕ್ಕು ನಷ್ಟವಾಗುವುದು ಬಹಳ ಕಡಿಮೆ. ದಪ್ಪ ಇದ್ದ ಕಡೆಯ ಉಕ್ಕೇ ಸರಿದು ಬಾಯಿಗೆ ಬರುತ್ತದೆ. ಗ್ರೈಂಡರ್ ಮಾಡುವ ಕೆಲಸ ಇದಕ್ಕೆ ಉಲ್ಟಾ. ಅದು ಉಕ್ಕನ್ನು ತಿಂದು ಕಿಡಿ ಮಾಡಿ ಹಾರಿಸುತ್ತದೆ.

ಹಣಿಸುವುದನ್ನು ಕಣ್ಣಾರೆ ನೋಡಬೇಕಾದರೆ ಕಾರಹುಣ್ಣಿಮೆಯ ಮುಂಚೆ ಹಳ್ಳಿ ರಸ್ತೆಗಳಲ್ಲಿ ಓಡಾಡಿ. ಬಯಲು ಕಮ್ಮಾರರು ರಸ್ತೆ ಬದಿ ಬೀಡುಬಿಟ್ಟು ಕುಲುಮೆ ಹೂಡಿರುತ್ತಾರೆ. ಎರಡು ವರ್ಷದ ಹಿಂದೆ ಗದಗ ರಸ್ತೆಯಲ್ಲಿ ನಾನು ಒಂದು ತಾಸು ನಿಂತು ನೋಡಿದೆ. ಗಂಡ ಇಕ್ಕಳದಲ್ಲಿ ಕೆಂಪಗೆ ಕಾದ ಕುಡ ಹಿಡಿದು ಅಡಿಗಲ್ಲಿನ ಮೇಲೆ ಇಟ್ಟ. ಅಡಿಗಲ್ಲು ಅಂದರೆ ಒಂದು ಮೊಳ ರೈಲು ಕಂಬಿಯ ತುಂಡು. ಅವನ ಕೈಯಲ್ಲಿ ಸಣ್ಣ ಸುತ್ತಿಗೆ. ಹೆಂಡತಿ ಎದುರಿಗೆ ನಿಂತು ಸಮ್ಮಟಿಗೆ ಎತ್ತಿದಳು. ಅವನು ಸಣ್ಣ ಸುತ್ತಿಗೆಯಿಂದ ಟಕ್ ಅಂತ ಮುಟ್ಟಿದ ಜಾಗಕ್ಕೇ ಅವಳ ಸಮ್ಮಟಿಗೆ ಬೀಳುತ್ತಿತ್ತು. ಒಂದು ಕೂದಲೂ ಆಚೀಚೆ ಇಲ್ಲ. ಟಕ್, ಧಡ್, ಟಕ್, ಧಡ್. ಮಾತೇ ಇಲ್ಲ. ಅವನು ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಖಾಲಿ ಒಮ್ಮೆ ಕುಣಿಸಿದ, ಅವಳು ನಿಲ್ಲಿಸಿದಳು. ಹನ್ನೆರಡು ಏಟಿಗೆ ಕುಡದ ಬಾಯಿ ತೆಳುವಾಗಿತ್ತು. ಇದನ್ನು ನೋಡಿದವರಿಗೆ ಹತಾರದ ಬೆಲೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದಯವಿಟ್ಟು ಅವರ ಹತ್ತಿರ ಚೌಕಾಶಿ ಮಾಡಬೇಡಿ.

ನಿಮ್ಮ ಅಜ್ಜನ ಕಾಲದಲ್ಲಿ ಈ ಲೆಕ್ಕ ದುಡ್ಡಿನಲ್ಲಿ ಇರಲಿಲ್ಲ. ಕಂಬಾರರು, ಬಡಿಗೇರರು ವರ್ಷವಿಡೀ ಹತಾರ ಮಾಡಿಕೊಡುವುದು, ರಿಪೇರಿ ಮಾಡುವುದು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ಕಾಳಿನ ಪಾಲು, ತಗೊಂಡು ಹೋಗುವುದು. ಹಾಗಾಗಿ ಕೆಟ್ಟ ಕುಡಗೋಲು ಮಾಡಿಕೊಟ್ಟು ದಾಟಿಕೊಳ್ಳಲು ಆಗುತ್ತಿರಲಿಲ್ಲ. ಅದೇ ಮನುಷ್ಯನ ಮುಖವನ್ನು ಮರುದಿನ ನೋಡಬೇಕಿತ್ತು, ಅಲ್ವಾ?

ಬಾಚಿಯ ಬಗ್ಗೆ ಒಂದೇ ಎಚ್ಚರಿಕೆ. ಅದರ ಬಾಯಿಗೆ ಇಳಿಜಾರು ಇರುವುದು ಹಿಡಿಯ ಕಡೆ ಮುಖ ಮಾಡಿದ ಬದಿಯಲ್ಲಿ ಮಾತ್ರ. ಹೊರಬದಿ ಚಪ್ಪಟೆ. ಗೊತ್ತಿಲ್ಲದವರು ಎರಡೂ ಕಡೆ ಮಸೆದುಬಿಡುತ್ತಾರೆ. ಆಮೇಲೆ ಅದು ಮರವನ್ನು ಸರಿಯಾಗಿ ಕೆತ್ತುವುದಿಲ್ಲ, ಮೇಲೆ ಮೇಲೆ ಜಾರುತ್ತದೆ. ಒಕ್ಕಲುತನದ ಮನೆಯಲ್ಲಿ ಬಾಚಿ ಯಾಕೆ ಅಂದರೆ ಕೂರಿಗೆ, ಕುಂಟೆಯ ಸಣ್ಣಪುಟ್ಟ ಕೆಲಸಕ್ಕೆ ಪ್ರತಿ ಸಲ ಬಡಿಗೇರರ ಮನೆಗೆ ಓಡಲು ಆಗುವುದಿಲ್ಲ. ನಿಮ್ಮ ಅಜ್ಜ ಕೈಕೆಲಸ ಬಲ್ಲವರು ಅಂತ ಇದರಿಂದ ಗೊತ್ತಾಗುತ್ತದೆ.

ಅಡಕತ್ತರಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಯಾರಾದರೂ ಹೇಳೇ ಹೇಳುತ್ತಾರೆ. ಕೇಳಬೇಡಿ. ಹಿತ್ತಾಳೆ ಹೊಳೆಯುತ್ತದೆ ನಿಜ. ಆದರೆ ಬೆರಳು ಹಿಡಿದು ಹಿಡಿದು ಬಂದ ಆ ಕಂದು ಮೆರುಗು ಹೋಗುತ್ತದೆ, ಹುಳಿ ನೀರು ಒಳಗಿನ ಉಕ್ಕಿನ ಅಲಗಿಗೆ ಇಳಿದು ಹೊಸ ತುಕ್ಕು ಬರುತ್ತದೆ. ಮೆತ್ತಗಿನ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಫೋಟೋದಲ್ಲಿ ಕೀಲಿನ ಹತ್ತಿರ ಬೆಳ್ಳಗೆ ಗಟ್ಟಿಯಾಗಿರುವುದು ಅಜ್ಜನ ಸುಣ್ಣ. ಎಲೆಗೆ ಸುಣ್ಣ ಹಚ್ಚಿದ ಬೆರಳಿನಿಂದಲೇ ಅಡಕತ್ತರಿ ಹಿಡಿಯುತ್ತಿದ್ದರು. ಕೀಲು ಆಡದಿದ್ದರೆ ಮಾತ್ರ ಬಿದಿರು ಕಡ್ಡಿಯಿಂದ ಅಷ್ಟನ್ನು ಕೆರೆದು ಒಂದು ಹನಿ ಎಣ್ಣೆ ಬಿಡಿ. ಆಡುತ್ತಿದ್ದರೆ ಆ ಸುಣ್ಣ ಅಲ್ಲೇ ಇರಲಿ. ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಉಳಿದ ಕಬ್ಬಿಣದ ಸಾಮಾನಿಗೆ ತುಕ್ಕು ತೆಗೆಯುವ ಕ್ರಮ ಹೇಳುತ್ತೇನೆ. ತುಕ್ಕಿನಲ್ಲಿ ಎರಡು ಥರ. ಬೆರಳಿಗೆ ಕೆಂಪಗೆ ಪುಡಿ ಅಂಟುವುದು ಕೆಟ್ಟದ್ದು, ಅದು ಒಳಗೆ ತಿನ್ನುತ್ತಲೇ ಇರುತ್ತದೆ. ಗಟ್ಟಿಯಾಗಿ ಕೂತ ಕರಿ ಪದರ ಬೇರೆ. ಅದು ಕಬ್ಬಿಣಕ್ಕೆ ಒಂದು ರೀತಿಯಲ್ಲಿ ಹೊದಿಕೆ ಇದ್ದ ಹಾಗೆ. ಕೆಂಪು ಹೋಗಲಿ, ಕರಿ ಉಳಿಯಲಿ. ಅಲಗಿಗೆ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ ಒಂದು ರಾತ್ರಿ ಇಡಿ. ಮರದ ಹಿಡಿಗೆ ತಾಗಿಸಬೇಡಿ. ಬೆಳಗ್ಗೆ ತೆಂಗಿನ ನಾರಿನಿಂದ ತಿಕ್ಕಿ. ಜಗ್ಗದ ಕಡೆ ಅತಿ ನುಣುಪಾದ ಸ್ಟೀಲ್ ವುಲ್‌ನಿಂದ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಮೆಲ್ಲಗೆ, ಅಲಗಿನ ಉದ್ದಕ್ಕೆ. ಸೋಪಿನ ನೀರಲ್ಲಿ ತೊಳೆದು, ಒರೆಸಿ, ಬಿಸಿಲಲ್ಲಿ ಅರ್ಧ ತಾಸು ಇಟ್ಟು, ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿ.

ಯಾವ ಎಣ್ಣೆ ಎಂಬುದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಕುಸುಬೆ ಎಣ್ಣೆ, ಅಗಸೆ ಎಣ್ಣೆ ನಮ್ಮ ಕಡೆ ಸುಲಭಕ್ಕೆ ಸಿಗುತ್ತವೆ. ಇವೆರಡೂ ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಗಳು. ಅಲಗಿಗೆ ಹಚ್ಚಿಟ್ಟರೆ ಆರು ತಿಂಗಳಲ್ಲಿ ಜಿಗುಟು ಅಂಟಾಗುತ್ತದೆ. ಅದೇ ಗುಣ ಮರಕ್ಕೆ ಬಲು ಒಳ್ಳೆಯದು. ಹಿಡಿಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಕೆಲವು ದಿನ ಒಣಗಲು ಬಿಡಿ. ಇದನ್ನು ಮೂರು ಸಲ ಮಾಡಿದರೆ ಮರ ಜೀವ ಪಡೆಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಕಾದು ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ. ಅಲಗಿಗೆ ಕೊಬ್ಬರಿ ಎಣ್ಣೆ ಸಾಕು. ಅಡುಗೆಮನೆಯ ಈಳಿಗೆಗೂ ಅದೇ.

ಕೊಡಲಿಯ ಕಾವು, ಅಂದರೆ ಮರದ ಹಿಡಿ, ಸಡಿಲ ಇದ್ದರೆ ನೀರಲ್ಲಿ ಮುಳುಗಿಸಿಡುವುದು ಹಳೇ ರೂಢಿ. ಒಂದು ದಿನಕ್ಕೆ ಬಿಗಿಯಾಗುತ್ತದೆ, ನಮ್ಮ ಬೇಸಿಗೆಗೆ ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಹಾಗೆ ಬೀಸಿದ ಕೊಡಲಿ ತಲೆ ಹಾರಿ ಯಾರಿಗಾದರೂ ಬಡಿದೀತು. ಚೆನ್ನಾಗಿ ಒಣಗಿದ ಜಾಲಿಯ ಬೆಣೆ ಹೊಡೆಸಿ. ಕಾವೇ ಸೀಳಿದ್ದರೆ ಜಾಲಿಯದ್ದೋ ದಿಂಡಿಗದ್ದೋ ಹೊಸದು ಹಾಕಿಸಿ, ಹಳೆಯದನ್ನು ಎತ್ತಿಡಿ.

ಮಸೆಯುವುದನ್ನು ನೀವೇ ಕಲಿಯಿರಿ. ಒಂದು ಸಾದಾ ಮಸೆಗಲ್ಲು, ಒಂದು ಬೋಗುಣಿ ನೀರು ಇದ್ದರೆ ಆಯಿತು. ನೀರು ಅಲಗನ್ನು ತಣ್ಣಗಿಡುತ್ತದೆ, ಅಲ್ಲಿ ನೀಲಿ ಬಣ್ಣದ ಭಯವೇ ಇಲ್ಲ. ಹಳೇ ಇಳಿಜಾರು ಹೇಗಿದೆಯೋ ಅದರ ಮೇಲೇ ಕಲ್ಲು ಓಡಲಿ, ಹೊಸ ಕೋನ ಮಾಡಬೇಡಿ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬದಿಗೆ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿ. ಕೂದಲೆಳೆಯಷ್ಟು ಒರಟು ಅಂಚು ತಾಗುತ್ತದೆ. ಅದು ಉದ್ದಕ್ಕೂ ತಾಗಿತು ಅಂದರೆ ಈ ಬದಿ ಮುಗಿಯಿತು ಅಂತ. ತಿರುಗಿಸಿ ಎರಡು ಸಲ ಹಗುರಕ್ಕೆ ಎಳೆದರೆ ಆ ಅಂಚು ಹೋಗುತ್ತದೆ. ಮೊದಲ ದಿನ ಒಂದು ತಾಸು ಹಿಡಿಯಬಹುದು. ಆ ಒಂದು ತಾಸಿನಲ್ಲಿ ನಿಮ್ಮ ಕೈಗೆ ಆ ಅಲಗಿನ ಪ್ರತಿ ತಗ್ಗು ದಿಣ್ಣೆ ಪರಿಚಯವಾಗುತ್ತದೆ. ಈ ಪರಿಚಯ ಗೋಡೆಗೆ ನೇತುಹಾಕಿದ ಹತಾರದಿಂದ ಸಿಗುವುದಿಲ್ಲ.

ಇನ್ನು ಆ ಆರೂವರೆ ಸಾವಿರದ ಚಾಕು. ನಾನು ಬೇಡ ಅನ್ನುತ್ತೇನೆ, ಕಾರಣ ಹೇಳುತ್ತೇನೆ. ಡಮಾಸ್ಕಸ್ ಅನ್ನುವ ಹೆಸರಿನ ಹಿಂದೆ ಇರುವ ಹಳೇ ಉಕ್ಕು ನಮ್ಮ ದಕ್ಷಿಣ ಭಾರತದ್ದು. ಇಂಗ್ಲಿಷಿನವರು ಅದನ್ನು ‘ವೂಟ್ಜ್’ ಅಂದರು. ಆ ಪದ ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಹಳೇ ಮೈಸೂರು ಸೀಮೆ, ಸೇಲಂ, ತೆಲಂಗಾಣದ ಕೋನಸಮುದ್ರಂ ಇಲ್ಲೆಲ್ಲ ಅದನ್ನು ಮಾಡುತ್ತಿದ್ದರು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು ಹಾಕಿ, ಜೊತೆಗೆ ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ತಿದಿ ಊದಿ ಕರಗಿಸುವುದು. ಗದಗ ಕಡೆ ಬೀಳು ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಹೊನ್ನಾವರಿಕೆ ಇದೆಯಲ್ಲ, ಅದೇ ತಂಗಡಿ. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಶೇಕಡ 1ರಿಂದ 2ರವರೆಗೆ ಏರುತ್ತಿತ್ತು. ಲಾರಿ ಪಟ್ಟಿಯ ಎರಡು ಮೂರು ಪಟ್ಟು. ಆ ಗಟ್ಟಿಗಳು ಹಡಗು ಹತ್ತಿ ಪಶ್ಚಿಮ ಏಷ್ಯಾಕ್ಕೆ ಹೋಗಿ ಅಲ್ಲಿ ಕತ್ತಿಗಳಾದವು. ಅಲಗಿನ ಮೇಲೆ ಹರಿಯುವ ನೀರಿನಂಥ ಚಿತ್ತಾರ ಉಕ್ಕಿನ ಒಳಗಿಂದಲೇ ಬರುತ್ತಿತ್ತು. 1819ರಲ್ಲಿ ಮೈಕೆಲ್ ಫ್ಯಾರಡೆ ಈ ಉಕ್ಕನ್ನು ಪರೀಕ್ಷೆ ಮಾಡಿದರು. ಮುಂದೆ ವಿದ್ಯುತ್ತಿನ ಕೆಲಸದಿಂದ ಹೆಸರಾದ ಅವರೇ. ಅವರ ತಂದೆಯೂ ಕಮ್ಮಾರರಾಗಿದ್ದರು ಎಂಬುದು ನನಗೆ ಇಷ್ಟವಾದ ಸಂಗತಿ.

ಈಗ ಅಂಗಡಿಯಲ್ಲಿ ಡಮಾಸ್ಕಸ್ ಎಂದು ಮಾರುವುದು ಬೇರೆ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಕಾಯಿಸಿ ಬಡಿದು, ಮಡಚಿ, ಮತ್ತೆ ಬಡಿದು ಮಾಡಿದ ಪದರ ಉಕ್ಕು. ಆಮೇಲೆ ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸುತ್ತಾರೆ. ಅದನ್ನು ಚೆನ್ನಾಗಿ ಮಾಡುವ ಕುಶಲಿಗಳು ಇದ್ದಾರೆ, ಅದಕ್ಕೆ ಅದರದೇ ಬೆಲೆ ಇದೆ. ಅಗ್ಗದ ಚಾಕುಗಳಲ್ಲಿ ಮಾತ್ರ ಎಷ್ಟೋ ಸಲ ಲೇಸರ್‌ನಿಂದ ಮೇಲ್ಮೈಗೆ ಗೆರೆ ಬರೆದಿರುತ್ತಾರೆ. ಮೂಲೆಯಲ್ಲಿ ಸ್ವಲ್ಪ ಉಜ್ಜಿ ನಿಂಬೆರಸ ಹಚ್ಚಿದರೆ ನಿಜವಾದ ಪದರ ಮತ್ತೆ ಕಾಣುತ್ತದೆ, ಬರೆದದ್ದು ವಾಪಸ್ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಈ ಪರೀಕ್ಷೆ ಮಾಡಲು ಆಗುವುದಿಲ್ಲವಲ್ಲ. ಚಿತ್ತಾರ ನಿಜವಾದರೂ ಹದ ಸರಿ ಇದೆ ಎಂದು ಅದು ಹೇಳುವುದಿಲ್ಲ.

ಅದೇ ದುಡ್ಡಿನಲ್ಲಿ ನಾನಾದರೆ ಹೀಗೆ ಮಾಡುತ್ತೇನೆ. ಮೂರು ಊರಿನ ಮೂವರು ಕಂಬಾರರ ಹತ್ತಿರ ಒಂದೊಂದು ಕುಡಗೋಲು ಮಾಡಿಸುತ್ತೇನೆ. ಎರೆ ಭೂಮಿಯ ರೋಣದ ಕಡೆ ಒಂದು, ಭತ್ತ ಮತ್ತು ಅಡಿಕೆ ಇರುವ ಹಾನಗಲ್ ಕಡೆ ಒಂದು, ಧಾರವಾಡದ ಹತ್ತಿರ ಒಂದು. ಮೂರನ್ನೂ ಪಕ್ಕ ಪಕ್ಕ ಇಟ್ಟು ಬಾಗು, ತೂಕ, ಹಿಡಿ ಹೋಲಿಸಿ ನೋಡಿ. ಬೆಳೆ ಬದಲಾದರೆ ಅಲಗು ಹೇಗೆ ಬದಲಾಗುತ್ತದೆ ಎಂದು ಕೈಯೇ ತಿಳಿದುಕೊಳ್ಳುತ್ತದೆ. ಮಾಡಿಸುವಾಗ ಸಾಲೆಯಲ್ಲಿ ಕೂತು ನೋಡಿ. ಯಾವ ಕಂಬಾರರು, ಯಾವ ತಿಂಗಳು, ಯಾವ ಉಕ್ಕು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಂಥ ಸಂಗ್ರಹಕ್ಕೆ ನಾನೂ ಬಂದು ಕೂತುಕೊಳ್ಳುತ್ತೇನೆ.

ಕಾನೂನಿನ ವಿಷಯ ಚಿಕ್ಕದಾಗಿ. ಒಕ್ಕಲುತನದ, ಮನೆಬಳಕೆಯ ಹತಾರಗಳಿಗೆ ತೊಂದರೆಯಿಲ್ಲ. ಕತ್ತಿ, ಕಠಾರಿ, ಭರ್ಚಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳು 1959ರ ಆಯುಧ ಕಾಯ್ದೆಯ ಅಡಿ ಬರುತ್ತವೆ. ಹಾಗಾಗಿ ಯಾರಾದರೂ ಹಳೇ ಕತ್ತಿ ತಂದುಕೊಟ್ಟರೆ ಪೊಲೀಸ್ ಠಾಣೆಯಲ್ಲಿ ವಿಚಾರಿಸದೆ ಮನೆಗೆ ತರಬೇಡಿ. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಇದೆ. ಅಂಥದ್ದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಹಳೆಯದನ್ನು ನೋಡುವ ಆಸೆಗೆ ನಮ್ಮ ಸುತ್ತಲೇ ಬೇಕಾದಷ್ಟಿದೆ. ಒಂದು ರವಿವಾರ ಲಕ್ಕುಂಡಿಗೆ ಹೋಗಿ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ನಿಂತು, ದೇವರ ಮೂರ್ತಿಗಳನ್ನು ಬಿಟ್ಟು, ಎರಡು ಬಳ್ಳಿಗಳ ನಡುವಿನ ಸಂದು ನೋಡಿ. ಕಡ್ಡಿ ಹೋಗುವಷ್ಟು ಜಾಗದಲ್ಲಿ ಕೆತ್ತನೆ ಇದೆ. ಅಲ್ಲಿಗೆ ಹೋದ ಉಳಿಯ ಬಾಯಿ ಎಷ್ಟು ಸಣ್ಣದಿರಬೇಕು! ಅದನ್ನು ದಿನಕ್ಕೆ ಎಷ್ಟು ಸಲ ಮಸೆದಿರಬೇಕು! ಸಾವಿರ ವರ್ಷದ ಹಿಂದೆ ಆ ಶಿಲ್ಪಿಗಳ ಹಿಂದೆ ಯಾವನೋ ಕಂಬಾರ ಕುಲುಮೆ ಹೂಡಿಕೊಂಡು ಕೂತಿರಲೇಬೇಕು. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದ ವೀರಗಲ್ಲಿನಲ್ಲಿ ಆಯುಧ ಹಿಡಿದ ಕೈಗಳನ್ನು ನೋಡಬಹುದು. ಇನ್ನೂ ಹಿಂದೆ ಹೋಗಬೇಕೆಂದರೆ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆತ ಮಾಡಿದಾಗ ಕಬ್ಬಿಣದ ಸಾಮಾನು ಸಿಕ್ಕವು. ಅವುಗಳ ಕಾಲ ಸುಮಾರು ಕ್ರಿ.ಪೂ. 1000 ಎಂದು ಲೆಕ್ಕ ಹಾಕಿದರು. ಮೂರು ಸಾವಿರ ವರ್ಷದಿಂದ ನಮ್ಮ ಈ ನೆಲದಲ್ಲಿ ಯಾರೋ ಒಬ್ಬರು ಕಬ್ಬಿಣ ಕಾಯಿಸುತ್ತಲೇ ಇದ್ದಾರೆ.

ಕೊನೆಗೆ ನಿಮ್ಮ ಮೂರನೇ ಫೋಟೋ, ನುಣ್ಣಗಿನ ಕುಡಗೋಲಿನದ್ದು. ಇದನ್ನು ನೋಡಿ ನಾನು ಎರಡು ದಿನ ಯೋಚನೆ ಮಾಡಿದೆ. ಅದರ ಬಾಯಿಯನ್ನು ಒಂದೇ ಬದಿಗೆ ಮಸೆದಿದ್ದಾರೆ. ಬಲಗೈಯವರ ಅಂಥ ಕುಡಗೋಲನ್ನು ಬಲಗೈಯಲ್ಲಿ ಕೊಯ್ಯುವ ಹಾಗೆ ಹಿಡಿದರೆ ಇಳಿಜಾರು ಮೇಲೆ ಬರುತ್ತದೆ, ಚಪ್ಪಟೆ ಬದಿ ನೆಲ ನೋಡುತ್ತದೆ. ನಿಮ್ಮದರಲ್ಲಿ ತಿರುಗುಮುರುಗು. ಹಲ್ಲಿನ ಕುಡಗೋಲು ಹಾಗಿಲ್ಲ, ಅದು ಎಲ್ಲರದ್ದರ ಹಾಗೇ ಇದೆ. ನುಣ್ಣಗಿನದರ ಹಿಡಿಯಲ್ಲಿ ಹೆಬ್ಬೆರಳು ಕೂತು ಕೂತು ಬಿದ್ದ ಒಂದು ತಗ್ಗು ಕೂಡ ಕಾಣುತ್ತದೆ. ಅದನ್ನು ಬಲಗೈಯಲ್ಲಿ ಹಿಡಿದು ನೋಡಿ, ಆ ತಗ್ಗಿಗೆ ನಿಮ್ಮ ಹೆಬ್ಬೆರಳು ಸಿಗುವುದಿಲ್ಲ. ಎಡಗೈಗೆ ಬದಲಿಸಿ ನೋಡಿ. ನನ್ನ ಅಂದಾಜು ಸರಿಯಿದ್ದರೆ ಹೆಬ್ಬೆರಳು ತಾನಾಗೇ ಹೋಗಿ ಅಲ್ಲಿ ಕೂರುತ್ತದೆ. ನಿಮ್ಮ ಅಜ್ಜ ಎಡಚರಾಗಿದ್ದರಾ? ತಾಯಿಯವರನ್ನು ಕೇಳಿ. ಹೌದು ಅಂದರೆ, ಅವರ ಕೈ ಗೊತ್ತಿದ್ದ ಒಬ್ಬ ಕಂಬಾರರು ಅವರಿಗೆಂದೇ ಕೂತು ಮಾಡಿದ ಕುಡಗೋಲು ಅದು. ಈ ಸಲ ದಸರೆಯ ಖಂಡೆ ಪೂಜೆಗೆ ಅದನ್ನು ಮಸೆದು, ಎಣ್ಣೆ ಹಚ್ಚಿ, ತಾಯಿಯವರ ಕೈಯಿಂದಲೇ ಕುಂಕುಮ ಇಡಿಸಿ. ಅವರು ಏನು ಹೇಳಿದರು ಎಂದು ನನಗೂ ಒಂದು ಸಾಲು ಬರೆಯಿರಿ.